ಸಿಂಗಪುರದ ಮೇಲಿಟ್ಟ ಕಡಲೆಬೀಜ

ಅರಕಲಗೂಡಿನ ಪೇಟೆ ಬೀದಿಯಲ್ಲಿ ಬೆಲ್ಲ, ಕೊಬ್ಬರಿ, ಕಡಲೆಬೀಜದ ಅಂಗಡಿ ಇಟ್ಟಿದ್ದ ಪಾಲಾಕ್ಷಯ್ಯನವರು ಅತ್ತ ಸಕಲೇಶಪುರ, ಇತ್ತ ಮೈಸೂರು ಬಿಟ್ಟರೆ ಅದರಾಚೆಗೆ ಕಾಲಿಟ್ಟವರಲ್ಲ. ಆದರೂ ಲಂಡನ್ನು, ಬರ್ಲಿನ್ನು, ಟೋಕಿಯೋಗಳ ಒಳಮನೆಯ ಮಾತೆಲ್ಲ ಅವರಿಗೆ ಗೊತ್ತು ಎಂದು ಊರು ನಂಬಿತ್ತು. ನಂಬಿಸಿದವರು ಅವರೇ.

ಮೈಸೂರಿನ ಪತ್ರಿಕೆ ರೈಲಿನಲ್ಲಿ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ, ಒಂದು ದಿನ ಹಳಸಿ ಅರಕಲಗೂಡು ಸೇರುತ್ತಿತ್ತು. ಬಸ್ಸು ಬರುವ ಹೊತ್ತಿಗೆ ಪಾಲಾಕ್ಷಯ್ಯನವರು ಹಣೆಗೆ ಹೊಸದಾಗಿ ವಿಭೂತಿ ಬಳಿದುಕೊಂಡು, ಅಂಗಡಿಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಪ್ರಪಂಚ ಬರೆದು ಕೂರುತ್ತಿದ್ದರು. ಪ್ರಪಂಚ ಎಂದರೆ ಎಂಟು ಹತ್ತು ಸೊಟ್ಟ ಗೆರೆ. ಕೆಲವು ದಿನ ಇಂಗ್ಲೆಂಡು ಜರ್ಮನಿಗಿಂತ ದೊಡ್ಡದಾಗಿಬಿಡುತ್ತಿತ್ತು. ಒಂದೊಂದು ಪಟ್ಟಣದ ಮೇಲೂ ಒಂದು ಹುರಿದ ಕಡಲೆಬೀಜ ಇಡುವರು. ಪತ್ರಿಕೆ ಓದುತ್ತಾ ಓದುತ್ತಾ, ಯಾವ ಪಟ್ಟಣ ಬಿತ್ತೋ ಅದರ ಬೀಜವನ್ನು ಎತ್ತಿ ಬಾಯಿಗೆ ಎಸೆದುಕೊಳ್ಳುವರು. ಅದನ್ನು ನೋಡಲೆಂದೇ ಜನ ಸೇರುತ್ತಿದ್ದರು. ವಾರ್ಸಾ ಹೋದ ದಿನ, ಪ್ಯಾರಿಸ್ಸು ಹೋದ ದಿನ ಜಗಲಿ ತುಂಬ ನಗೆ.

ಲೋಕದ ಯುದ್ಧವೆಲ್ಲ ಅವರ ಲೆಕ್ಕದಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ. ಜರ್ಮನಿಗೆ ಹಿಂದಿನ ಸಲ ಪಾಲು ತಪ್ಪಿದೆ, ಒಂದೆರಡು ಹೊಲ ಬಿಟ್ಟುಕೊಟ್ಟರೆ ತೆಪ್ಪಗಾಗುತ್ತಾನೆ ಎಂದು ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ತೀರ್ಪು ಕೊಟ್ಟರು. ಮರುವರ್ಷ ಯುದ್ಧ ಶುರುವಾದಾಗ, ನಾನು ಮೊದಲೇ ಹೇಳಿರಲಿಲ್ಲವೇ ಎಂದರು. ಏನು ಹೇಳಿದ್ದಿರಿ ಎಂದು ಯಾರೂ ಕೇಳಲಿಲ್ಲ. ಬಚ್ಚಲ ನೀರಿನ ಸಲುವಾಗಿ ಪಕ್ಕದ ಮನೆಯ ಚಂದ್ರಶೇಖರಯ್ಯನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಈ ಮನುಷ್ಯ, ಅಮೆರಿಕದ ಅಧ್ಯಕ್ಷರಿಗೆ ನೆರೆಹೊರೆಯವರ ಜೊತೆ ಬಾಳುವುದು ಹೇಗೆಂದು ಬುದ್ಧಿ ಹೇಳುತ್ತಿದ್ದರು. ಹೆಂಡತಿ ರೇವಮ್ಮ ಇದನ್ನು ಒಮ್ಮೆ ಎತ್ತಿ ಆಡಿದ್ದಕ್ಕೆ ಇವರು ಮುನಿಸಿಕೊಂಡು ಊಟ ಬಿಟ್ಟಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ನಲವತ್ತೊಂದರ ಮೊದಲಲ್ಲಿ ಒಂದು ಸಂತೆಯ ದಿನ ಮಲ್ಲಿಪಟ್ಟಣದ ಪುಟ್ಟತಾಯಮ್ಮ ಅಂಗಡಿಗೆ ಬಂದಳು. ಗಂಡ ಸತ್ತವಳು, ಇದ್ದ ಹೊಲವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಒಬ್ಬನೇ ಮಗ ದೇವರಾಜು ಸಂಸ್ಥಾನದ ಸೈನ್ಯ ಸೇರಿದ್ದ. ಅವನ ಪಡೆಯನ್ನು ಸಿಂಗಪುರಕ್ಕೆ ಕಳಿಸುತ್ತಾರೆಂದು ಸುದ್ದಿ ಬಂದಿತ್ತು. ಸಂತೆಗೆ ಬಂದವರಿಗೆ ಪಾಲಾಕ್ಷಯ್ಯನವರು ಕಾಸಿಲ್ಲದೆ ಅರ್ಜಿ ಬರೆದುಕೊಡುತ್ತಾರೆಂದು ಅವಳು ಕೇಳಿದ್ದಳು.

"ಗಂಡ ಇಲ್ದೋಳ ಒಬ್ನೇ ಮಗ ಅಂದ್ರೆ ಬುಟ್ಬುಡ್ತಾರಂತೆ ಸಾವ್ಕಾರ್ರೆ," ಎಂದಳು. "ಒಂದು ಅರ್ಜಿ ಬರ್ಕೊಡಿ."

ನಾಲ್ಕು ಸಾಲಿನ ಕೆಲಸ. ಆದರೆ ಜಗಲಿ ತುಂಬ ಜನವಿದ್ದರು, ಸಿಂಗಪುರ ಎಂಬ ಹೆಸರು ಕಿವಿಗೆ ಬಿದ್ದಿತ್ತು. ಪಾಲಾಕ್ಷಯ್ಯನವರ ಕೈ ಲೇಖನಿಯ ಕಡೆಗೆ ಹೋಗಲಿಲ್ಲ, ಸೀಮೆಸುಣ್ಣದ ಕಡೆಗೆ ಹೋಯಿತು. ಒಂದು ಗುಂಡನೆಯ ಗೆರೆ ಎಳೆದು, ನಡುವೆ ಬೀಜ ಇಟ್ಟು, ಇದೇ ನಿನ್ನ ಮಗ ಹೋಗೋ ಊರು ಎಂದರು. ಸುತ್ತ ಸಮುದ್ರ, ಅಡಿಕೆ ಮರದುದ್ದದ ಫಿರಂಗಿಗಳು. ಜಪಾನಿನವರು ಗೊಂಬೆ, ಬಳೆ ಮಾಡಿ ಮಾರುವ ಜನ, ಅವರಿಗೆಲ್ಲಿಯ ಯುದ್ಧ ಎಂದು ವಿವರಿಸಿದರು. ಜನ ತಲೆದೂಗಿದರು. ಅದನ್ನು ಕಂಡು ಅವರು ಇನ್ನೂ ಉಬ್ಬಿದರು.

"ಅರ್ಜಿ ಗಿರ್ಜಿ ಬ್ಯಾಡ ಕಣವ್ವ," ಎಂದರು. "ಸಮುದ್ರದ ಗಾಳಿ ಕುಡ್ಕೊಂಡು ಗುಂಡ್‌ಗುಂಡಗೆ ಆಗಿ ಬತ್ತಾನೆ. ನಾನು ಹೇಳ್ತಾ ಇಲ್ವಾ?"

ಪುಟ್ಟತಾಯಮ್ಮ ಕೈಮುಗಿದು ನಗುತ್ತಾ ಹೋದಳು. ಬರೆದಿದ್ದರೆ ಸರ್ಕಾರ ಬಿಡುತ್ತಿತ್ತೋ ಇಲ್ಲವೋ ಯಾರು ಬಲ್ಲರು. ಬರೆಯಲಿಲ್ಲ ಎಂಬುದೊಂದೇ ಗೊತ್ತಿರುವ ಸಂಗತಿ.

ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಅವಳು ಜಗಲಿಯ ಕೆಳಗೆ ಬಂದು ನಿಲ್ಲುತ್ತಿದ್ದಳು. ಓದಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಸಿಂಗಪುರದ ಮೇಲೆ ಬೀಜ ಇದೆಯೋ ಎಂದು ನೋಡುವಳು, ಇದ್ದರೆ ಸಮಾಧಾನದಿಂದ ಹೋಗುವಳು. ವರ್ಷದ ಕೊನೆಗೆ ಜಪಾನು ಯುದ್ಧಕ್ಕೆ ಇಳಿದಾಗಲೂ ಪಾಲಾಕ್ಷಯ್ಯನವರು ಜಗ್ಗಲಿಲ್ಲ. ಇಂಗ್ಲಿಷರು ಅವರನ್ನು ಒಳಗೆ ಬಿಟ್ಟುಕೊಂಡು ಬಡಿಯುತ್ತಾರೆ, ನೋಡುತ್ತಿರಿ ಎಂದರು.

ನಲವತ್ತೆರಡರ ಫೆಬ್ರವರಿಯಲ್ಲಿ ಆ ಪತ್ರಿಕೆ ಬಂತು. ಸಂತೆಯ ದಿನವೇ. ಸಿಂಗಪುರ ಬಿತ್ತು ಎಂದು ಗಟ್ಟಿಯಾಗಿ ಓದಿದರು, ಓದುತ್ತಲೇ ಎಂದಿನ ಅಭ್ಯಾಸದಲ್ಲಿ ಬೀಜ ಎತ್ತಿ ಬಾಯಿಗೆ ಎಸೆದುಕೊಂಡರು. ಜನ ನಕ್ಕರು. ಅಗಿಯುತ್ತಾ ತಲೆ ಎತ್ತಿದರೆ ಎದುರಿಗೆ ಪುಟ್ಟತಾಯಮ್ಮ, ತಲೆಯ ಮೇಲಿನ ಬುಟ್ಟಿಯನ್ನು ಇನ್ನೂ ಇಳಿಸಿರಲಿಲ್ಲ.

"ಈಗ ತಿಂದ್ರಲ್ಲ ಸಾವ್ಕಾರ್ರೆ," ಎಂದಳು. "ಆ ಬೀಜ ಇದ್ದದ್ದು ನನ್ ಮಗ ಇರೋ ಊರಲ್ವಾ?"

ನಗೆ ನಿಂತಿತು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಪಾಲಾಕ್ಷಯ್ಯನವರು ಒದ್ದಾಡಿದರು. ತಪ್ಪಾಯಿತು ಎನ್ನಲು ಆಗಲೂ ಹೊತ್ತಿತ್ತು. ಆದರೆ ಊರೆಲ್ಲ ನೋಡುತ್ತಿತ್ತು. ಅದು ಯುದ್ಧದ ಹಂಚಿಕೆ ಕಣವ್ವ, ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ, ನಿನ್ನ ಮಗ ಕ್ಷೇಮ ಎಂದುಬಿಟ್ಟರು. ಅವಳು ನಂಬಿದಳು. ನಂಬದೆ ಹೋಗಿದ್ದರೆ, ಒಂದು ಹಿಡಿ ಮಣ್ಣು ತೂರಿ ಶಾಪ ಹಾಕಿದ್ದರೆ, ಅವರಿಗೆ ಎಷ್ಟೋ ಮೇಲಾಗುತ್ತಿತ್ತು.

ಅವತ್ತೇ ಜಗಲಿ ತೊಳೆಸಿದರು. ಮತ್ತೆ ಪ್ರಪಂಚ ಬರೆಯಲಿಲ್ಲ. ಕೇಳಿದವರಿಗೆ ಸೀಮೆಸುಣ್ಣ ಮುಗಿದಿದೆ ಎನ್ನುತ್ತಿದ್ದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲ ಹೊಗೆ ಉಗುಳುತ್ತಾ ಬಸ್ಸು ಬಂದರೆ ಒಳಗೆ ಹೋಗಿ ಬೆಲ್ಲದ ಅಚ್ಚುಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸುವರು. ಮಲ್ಲಿಪಟ್ಟಣಕ್ಕೆ ಹೋಗಿ ಅವಳಿಗೆ ನಿಜ ಹೇಳಿಬರಬೇಕೆಂದು ಎಷ್ಟು ಸಲ ಪಂಚೆ ಉಟ್ಟು ಹೊರಟರೋ, ಬೀದಿಯ ತುದಿಯಿಂದಲೇ ಹಿಂದಿರುಗಿದರು. ಅವಳೇ ಸಂತೆಗೆ ಬಂದು ಯಾವಾಗ ಬರುತ್ತಾನೆ ಎಂದು ಕೇಳುವಳು. ಬತ್ತಾನೆ ಕಣವ್ವ ಎನ್ನುವರು. ಮೊದಲು ಹೇಳಿದ್ದು ಬಡಾಯಿ, ಈಗ ಹೇಳುತ್ತಿರುವುದು ಶುದ್ಧ ಸುಳ್ಳು ಎಂದು ಅವರಿಗೆ ಗೊತ್ತಿತ್ತು. ಅವಳ ನೆರಳು ಕಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ರೇವಮ್ಮ ಈ ಸಲ ಏನೂ ಎತ್ತಿ ಆಡಲಿಲ್ಲ.

ಯುದ್ಧ ಮುಗಿದ ವರ್ಷದ ಕೊನೆಗೆ ಪುಟ್ಟತಾಯಮ್ಮ ಮಗನನ್ನು ಕರೆದುಕೊಂಡು ಬಂದಳು. ಜಪಾನಿನವರ ಸೆರೆಯಲ್ಲಿದ್ದು ಬಂದಿದ್ದ ದೇವರಾಜು. ಅಂಗಿ ಗೂಟಕ್ಕೆ ತೂಗುಹಾಕಿದಂತೆ ಇತ್ತು. ಬಲಗೈಯಲ್ಲಿ ಹೆಬ್ಬೆಟ್ಟು ಮತ್ತು ಕಿರುಬೆರಳು ಮಾತ್ರ ಉಳಿದಿದ್ದವು. ಅವಳು ಸೆರಗಿನಿಂದ ತನ್ನ ಹೊಲದ ಕಡಲೆಕಾಯಿಯನ್ನು ಜಗಲಿಯ ಮೇಲೆ ಸುರಿದಳು. ಜನ ಹಳೆಯ ದಿನಗಳ ಹಾಗೆ ಸೇರಿದರು.

"ನೀವು ಏಳ್ದಂಗೇ ಬಂದ ನೋಡಿ ಸಾವ್ಕಾರ್ರೆ," ಎಂದಳು. "ಅವತ್ತು ನಾನು ಎದ್ರುಕೊಂಡು ಅರ್ಜಿ ಬರ್ಸಕ್ಕೆ ಬಂದಿದ್ದೆ. ಬ್ಯಾಡ, ಬತ್ತಾನೆ ಅಂದ್ರಿ."

ದೇವರಾಜು ತಾಯಿಯ ಕಡೆ ತಿರುಗಿದ. "ಅರ್ಜಿ ಬರ್ಸಕ್ಕೆ ಬಂದಿದ್ಯಾ ಅವ್ವ?"

ಊಂ ಎಂದಳು ಅವಳು ಹೆಮ್ಮೆಯಿಂದ. ದೇವರಾಜು ಪಾಲಾಕ್ಷಯ್ಯನವರನ್ನು ನೋಡಿದ. ಪಾಲಾಕ್ಷಯ್ಯನವರು ಅವನ ಕೈಯನ್ನು ನೋಡುತ್ತಿದ್ದರು.

"ನಂಗೆ ಏನೂ ಗೊತ್ತಿರ್ಲಿಲ್ಲ ಕಣಪ್ಪ," ಎಂದರು. ಅಷ್ಟು ಜನರ ಮುಂದೆ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ದೇವರಾಜು ಸಿಟ್ಟು ಮಾಡಲಿಲ್ಲ. "ಅವತ್ತು ಅಂಗಂದಿದ್ರೆ ಸಾಕಾಗಿತ್ತು ಸಾವ್ಕಾರ್ರೆ," ಎಂದ.

ಪುಟ್ಟತಾಯಮ್ಮನಿಗೆ ಇದರ ಕಡೆ ಗಮನವಿರಲಿಲ್ಲ. ಮಗನಿಗೆ ಸುಲಿಯಲು ಬಾರದೆಂದು ತಾನೇ ಕಾಯಿ ಒಡೆದು ಒಂದು ಬೀಜವನ್ನು ಅವನ ಬಾಯಿಗೆ ಇಟ್ಟಳು. ಇನ್ನೊಂದನ್ನು ಪಾಲಾಕ್ಷಯ್ಯನವರಿಗೆ ಚಾಚಿ, ತಿನ್ನಿ ಎಂದಳು. ಅವರು ಕೈಯೊಡ್ಡಿ ಇಸಿದುಕೊಂಡರು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ತಾಯಿ ಮಗ ಬೀದಿಯ ತಿರುವು ದಾಟಿ ಹೋದ ಮೇಲೂ ಅದು ಅವರ ಮುಷ್ಟಿಯಲ್ಲೇ ಇತ್ತು.