ಬೀಗರ ಕೊಳಗ

ಮಗಳ ಬೀಗರೂಟದ ದಿನ ಪಕ್ಕದ ಮನೆಯ ಅಣ್ಣ ಮುದ್ದೆ ಬಡಿಸುತ್ತಿದ್ದರು. ನಮ್ಮ ಖರ್ಚು ಉಳಿಯಲೆಂದು ಪಾತ್ರೆಗಳನ್ನೆಲ್ಲ ಅವರೇ ಕೇಳಿ ತಂದಿದ್ದರು. "ಬಾಡಿಗೆ ಯಾಕವ್ವ? ಊರೇ ಐತೆ" ಅನ್ನುವುದು ಯಾವಾಗಲೂ ಅವರ ಮಾತು.

ಉಯ್ಯಂಬಳ್ಳಿಯ ಬೀಗಿತ್ತಿ ಬಾಡಿನ ಸಾರಿನ ಕೊಳಗ ನೋಡಿ, "ನಮ್ಮನೇಲೂ ಇಂಥದ್ದೇ ಐತೆ" ಎಂದರು.

ಅಣ್ಣ ನನ್ನ ಕಿವಿಯಲ್ಲಿ, "ಅವ್ರದ್ದೇ ಕಣವ್ವ. ಅವ್ರ ಮಾವನ್ನ ಕೇಳಿ ತಂದೆ. ಯಾರ ಮನೆ ಊಟಕ್ಕೆ ಅಂತ ಆವಯ್ಯ ಕೇಳ್ಲಿಲ್ಲ" ಎಂದರು.

ಮಗಳ ಮಾನ ಹೋಯಿತೆಂದು ನಾನು ಕೊಳಗಕ್ಕೆ ಅಡ್ಡ ನಿಂತೆ. ಅಣ್ಣ ಮಾತ್ರ ಬೀಗಿತ್ತಿಯ ಕಡೆ ತಿರುಗಿ, "ನಿಮ್ದು ಇದಕ್ಕಿಂತ ಒಸಿ ದೊಡ್ಡದಲ್ವಾ ತಾಯಿ?" ಎಂದರು.

"ಊಂ, ದೊಡ್ಡದೇ" ಎಂದು ಆಕೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

"ನಾಳೆ ನಾನೇ ಕೊಟ್ಟು ಬತ್ತೀನಿ ಬುಡು" ಎಂದು ರಾತ್ರಿ ಮಲಗಲು ಹೋದ ಅಣ್ಣ ಬೆಳಿಗ್ಗೆ ಏಳಲಿಲ್ಲ.

ಕೊಳಗ ನಮ್ಮ ಜಗಲಿಯಲ್ಲೇ ಇದೆ. ಬೀಗಿತ್ತಿಯ ಮುಂದೆ ನಗದೆ ಅದನ್ನು ಹಿಂದಕ್ಕೆ ಕೊಟ್ಟು ಬರುವವರು ಇಲ್ಲ.