ಪ್ರಸ್ಥಾನದ ಗಂಟು

ಕಾರು, ರೈಲಿನಲ್ಲಿ ಇಡೀ ಹಿಂದೂಸ್ಥಾನ ಸುತ್ತಿದವನು ನಾನು. ಸುಳ್ಳು, ಆ ಬೇಸಿಗೆಯವರೆಗೆ ನಮ್ಮೂರು ಮಾನ್ವಿ ಬಿಟ್ಟರೆ ದೇವದುರ್ಗ, ಅಷ್ಟೇ. ಆದರೆ ಆ ಶನಿವಾರ ಖಾದರಸಾಬನ, ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುವ ಬಾಡಿಗೆ ಮೋಟಾರಿನಲ್ಲಿ ರಾಯಚೂರಿಗೆ, ಸಂಜೆಯ ರೈಲಿನಲ್ಲಿ ಘಟ್ಟ ಇಳಿದು ನಾನೂ ಹೆಂಡತಿಯೂ ಮುಂಬಯಿ ಸಮುದ್ರಕ್ಕೆ ಹೊರಟಿದ್ದೆವು!

ಮುಹೂರ್ತ ಮಾತ್ರ ಶುಕ್ರವಾರವೇ ಇತ್ತು. ಅತ್ತೆ ಪ್ರಸ್ಥಾನ ಇಡಿಸಿದರು. ಒಳ್ಳೆಯ ಗಳಿಗೆಯಲ್ಲಿ ಗಂಟೊಂದನ್ನು ಹೊರಗೆ ಕಳಿಸಿದರೆ ಪ್ರಯಾಣ ಶುರುವಾದಂತೆ. ನಾನು ಮಹಾ ಜಾಣ, ಟಿಕೀಟು ಕಟ್ಟಿದ ಗಂಟನ್ನು ಮನೆ ಮುಂದೆ ನಿಂತಿದ್ದ ಮೋಟಾರಿನಲ್ಲೇ ಇಟ್ಟೆ. ಬೆಳಗಾದರೆ ಮೋಟಾರೇ ಇಲ್ಲ!

ಮಧ್ಯಾಹ್ನ ಖಾದರಸಾಬ ಹಾರ್ನ್ ಹೊಡೆಯುತ್ತ ಬಂದ. "ಮದುವಿ ಮಂದೀನ ದೇವದುರ್ಗಕ್ಕ ಬಿಟ್ಟು ಬಂದೆ. ನಿಮ್ಮ ಗಂಟೂ ಊರು ನೋಡಿ ಬಂತ್ರೀ!"

ಅತ್ತೆ ಅಡ್ಡ ನಿಂತರು. "ಗಂಟು ತಿರುಗಿ ಬಂತಂದ್ರ ಪ್ರಯಾಣ ಮುಗೀತು. ಇನ್ನ ಬ್ಯಾರೆ ಮುಹೂರ್ತಾನ ನೋಡಬೇಕು."

ಹೆಂಡತಿ ಆಗಲೇ ಮೋಟಾರು ಏರಿ ಕೂತಿದ್ದಳು. "ಗಂಟು ಇನ್ನೂ ಕೆಳಗ ಇಳಿದಿಲ್ಲವ್ವಾ. ಅದು ಹೊಂಟೇ ಅದ, ನಾವ ಹಿಂದ ಬಿದ್ದೀವಿ!"

ರೈಲು ಸಿಕ್ಕಿತು. ಸಮುದ್ರ ನಮ್ಮ ಕೃಷ್ಣೆಗಿಂತ ಸಣ್ಣದು. ನಂಬೂದಿಲ್ಲೇನು? ಬ್ಯಾಡ ಬಿಡ್ರಿ, ಇಷ್ಟೊತ್ತು ಕೂತು ಕತಿ ಕೇಳಿದ್ದಕ್ಕ ಈ ಚಹಾದ ದುಡ್ಡು ಮಾತ್ರ ನೀವೇ ಕೊಡ್ರಿ.