ಜಾಲರಿ ಸೋಸಿದ ಬಿಸಿಲು

ರಾಜಾಜಿನಗರದ ನನ್ನ ಸೋದರತ್ತೆಯ ಮನೆಯ ವರಾಂಡದ ಮೂಲೆಯಲ್ಲಿ ಹಪ್ಪಳದ ಚಾಪೆಯೊಂದು ಸುರುಳಿ ಸುತ್ತಿಕೊಂಡು ನಿಂತಿದೆ. ಹರಡುವವರಿಲ್ಲ ಎಂದಲ್ಲ, ಹರಡಿದರೆ ಅಲ್ಲಿ ಬಿಸಿಲಿಲ್ಲ. ಉರಿಬಿಸಿಲಿಗೆ ಹಪ್ಪಳದ ಅಂಚು ಬಿರಿಯುತ್ತದೆ, ತಾರಸಿ ಅದಕ್ಕಾಗದು, ಜಾಲರಿಯಲ್ಲಿ ಸೋಸಿ ಬಂದ ಸಂಜೆಬಿಸಿಲೇ ಆಗಬೇಕು ಎಂಬುದು ಅತ್ತೆಯ ಸಿದ್ಧಾಂತ. ಪಶ್ಚಿಮಕ್ಕೆ ನಾಲ್ಕಂತಸ್ತಿನ ಕಟ್ಟಡ ಎದ್ದಾಗಿನಿಂದ ಆ ಕಟ್ಟಡದವರಿಗೆ ಅತ್ತೆಯ ಬಾಯಲ್ಲಿ 'ಬಿಸಿಲುಗಳ್ಳರು' ಎಂದೇ ಹೆಸರು.

ಪುಟ್ಟ ಮನೆ. ಕೆತ್ತನೆಯಿಲ್ಲ, ಕಂಬವಿಲ್ಲ, ನೇರ ಗೆರೆಗಳು, ಕಿಟಕಿಗಳ ಮೇಲೆ ಮೂಲೆ ಬಳಸಿ ಓಡುವ ಸಜ್ಜ, ಕೆಂಪು ಗಾರೆ ನೆಲ, ಹೂವಿನ ತೂತುಗಳ ಸಿಮೆಂಟ್ ಜಾಲರಿ. ಬಡಾವಣೆ ಹುಟ್ಟಿದ ಕಾಲಕ್ಕೆ ಅದೇ ಹೊಸತನ. ಈಗ ಅದನ್ನು ಕೆಡವಿ ತಾನೂ ನಾಲ್ಕಂತಸ್ತು ಎಬ್ಬಿಸುವೆನೆಂದು ಅತ್ತೆ ಹಟ ಹಿಡಿದಿದ್ದರು. ಕಟ್ಟಡಗಳ ನಕ್ಷೆ ಬರೆದೇ ಬದುಕುವ ನಾನು, ಕೆಡವುವ ಮೊದಲು ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿಬಿಟ್ಟೆ. ಅಳತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಾದರೆ ಜಂಬವೇ ಇರಲಿ, ಸ್ನೇಹಿತರೇ.

ಸುತ್ತಲಿನ ಕಟ್ಟಡಗಳನ್ನು ಇನ್ನೂ ಸೇರಿಸಿರಲಿಲ್ಲ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮೇಲಿನ ಸೂರ್ಯನನ್ನು ಸಂಜೆಗೆ ಎಳೆದೆ. ಕೆಂಪು ನೆಲದ ತುಂಬ ಬೆಳಕಿನ ಹೂಗಳು!

"ಅಯ್ಯೋ, ಇಲ್ಲೇ ಕಣೇ ನಾನು ಹರಡ್ತಿದ್ದಿದ್ದು!" ಅತ್ತೆಯ ಕಣ್ಣು ತುಂಬಿತು. ನನ್ನದೂ.

ಹುಮ್ಮಸ್ಸಿನಲ್ಲಿ ಅದೇ ಜಾಗಕ್ಕೆ ಅವರ ಹೊಸ ನಾಲ್ಕಂತಸ್ತನ್ನೂ ತಂದಿಟ್ಟೆ. ಸೂರ್ಯ ಅದೇ, ಹೊತ್ತೂ ಅದೇ. ನೆರಳು ಮಾತ್ರ ಕಾಲು ಚಾಚಿ ಪೂರ್ವದ ಕಡೆಯ ಅಂಗಳವನ್ನೆಲ್ಲ ನುಂಗಿತು.

"ಅದು ಪಕ್ಕದ್ಮನೆ ಕಮಲಮ್ಮನ ಅಂಗಳ ಅಲ್ವೇನೇ?"

"ಹೌದು ಅತ್ತೆ."

ಇಟ್ಟಿಗೆಗೆ ಒಡೆಯರಿರುತ್ತಾರೆ, ಗೋಡೆಗೆ ಪತ್ರಗಳಿರುತ್ತವೆ. ಬಿಸಿಲು ಮಾತ್ರ ಹೆಪ್ಪಿನ ಮಜ್ಜಿಗೆಯ ಹಾಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಕೊಂಡೇ ಬರಬೇಕಾದ ಪದಾರ್ಥ. ವರ್ಷಗಟ್ಟಲೆ ನಕ್ಷೆ ಬರೆದರೂ ನಾನು ನಮ್ಮ ನಿವೇಶನದ ಗೆರೆಯೊಳಗೇ ಯೋಚಿಸುತ್ತಿದ್ದೆ.

ಅತ್ತೆ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ಆಮೇಲೆ, "ಮೇಲಿನೆರಡು ತೆಗಿ, ನೋಡೋಣ" ಎಂದರು. ತೆಗೆದೆ. ಅಂಗಳಕ್ಕೆ ಬಿಸಿಲು ಮರಳಿತು.

"ಬಾಡಿಗೆ ಕಮ್ಮಿಯಾಗುತ್ತೆ, ಅತ್ತೆ."

"ಆಗ್ಲಿ ಬಿಡೇ. ನನ್ನ ಬಾಯಲ್ಲಿ ಬೈಸ್ಕೊಂಡೋರ ಸಾಲಿಗೆ ನಾನೇ ಸೇರ್ಕೊಳ್ಲಾ? ಆ ಜಾಲರಿ ಹುಷಾರಾಗಿ ಬಿಚ್ಚಿಸು, ಹೊಸ ಮನೇಗೂ ಅದೇ ಇರ್ಲಿ. ಮತ್ತೆ ಈ ಚಾಪೆ ಇಲ್ಲಿದ್ದು ಏನು ಮಾಡುತ್ತೆ? ಕಮಲಮ್ಮನಿಗೆ ಕೊಟ್ಟು ಬಾ. ಜಾಲರಿ ಇಲ್ದಿದ್ರೂ ಅಲ್ಲಿ ಸಂಜೆಬಿಸಿಲಾದ್ರೂ ಇದೆ."

ಚಾಪೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಪಕ್ಕದ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು.